ಸಾರ್ವಜನಿಕ ಶೌಚಾಲಯಕ್ಕೆ ಪ್ರೀಕಾಸ್ಟ್ ಕಾಂಕ್ರೀಟ್: ಇಟ್ಟಿಗೆ ಗೋಡೆಗಿಂತ ಮೇಲೇ?

ಬಸ್ ನಿಲ್ದಾಣ, ಸಂತೆ ಮೈದಾನದಂಥ ಸಂದಣಿಯ ಜಾಗಕ್ಕೆ ನಮ್ಮ ಆಯ್ಕೆ ಪ್ರೀಕಾಸ್ಟ್, ಅಂದರೆ ಕಾರ್ಖಾನೆಯಲ್ಲೇ ಎರಕ ಹೊಯ್ದು ತಂದು ಜೋಡಿಸುವ ಕಾಂಕ್ರೀಟ್ ಹಲಗೆಗಳು. ಇಟ್ಟಿಗೆ ಗೋಡೆಗೆ ವಾರವಿಡೀ ನೀರುಣಿಸಬೇಕು, ಆರ್‌ಸಿಸಿ ಚಾವಣಿಯ ಸೆಂಟ್ರಿಂಗ್ ಬಿಚ್ಚಲು ಮತ್ತಷ್ಟು ದಿನ ಕಾಯಬೇಕು, ಆಮೇಲೆ ಪ್ಲಾಸ್ಟರ್, ಟೈಲ್ಸ್. ಪ್ರೀಕಾಸ್ಟ್‌ನಲ್ಲಿ ಈ ನೀರುಣಿಸುವ ಕೆಲಸ (ಕ್ಯೂರಿಂಗ್) ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಪಾಯ ಸಿದ್ಧವಿದ್ದರೆ ಸಣ್ಣ ಘಟಕದ ಜೋಡಣೆ ಒಂದೆರಡು ದಿನದ ಕೆಲಸ.

ಕ್ರೇನ್ ಹೋಗದ ಓಣಿಗೆ ಮಾತ್ರ ಇದು ಬೇಡ. 75 ಮಿ.ಮೀ. ದಪ್ಪದ ಗೋಡೆ ಚದರ ಮೀಟರಿಗೆ ಸುಮಾರು 190 ಕೆ.ಜಿ. ತೂಗುತ್ತದೆ, 2 ಮೀಟರ್ ಅಗಲ, 2.4 ಮೀಟರ್ ಎತ್ತರದ ಒಂದು ಹಲಗೆಯೇ 900 ಕೆ.ಜಿ. ದಾಟುತ್ತದೆ. ಮೇಲೆ ವಿದ್ಯುತ್ ತಂತಿಯೂ ಇರಬಾರದು.

ಕೆಲಸ ಕೆಡುವುದು ಹೆಚ್ಚಾಗಿ ಪಾಯದಲ್ಲಿ. ನೆಲದಿಂದ ಮೇಲೆ ಬರುವ ಪೈಪು ಎರಡು ಬೆರಳು ಸರಿದರೂ ಘಟಕದ ತೂತಿಗೆ ಹೊಂದುವುದಿಲ್ಲ. ಆಗ ನೆಲ ಒಡೆಯುತ್ತಾರೆ, ಸೋರಿಕೆ ಅಲ್ಲಿಂದಲೇ ಶುರು. ಕಾರ್ಖಾನೆಯಿಂದ ಅಳತೆಯ ಅಚ್ಚು ತರಿಸಿ, ಅದನ್ನಿಟ್ಟೇ ಪೈಪು ಹೂಳಿಸಿ. 110 ಮಿ.ಮೀ. ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಕೊಡಿ. ಗದಗ, ವಿಜಯಪುರದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಹಲಗೆಗಳ ಸಂದು ಬಾಯಿಬಿಡುತ್ತದೆ. ಅಲ್ಲಿ ಎರೆಮಣ್ಣು ತೆಗೆದು, ಗರಸು ತುಂಬಿ ದಮ್ಮಸು ಹೊಡೆದು, ರಾಫ್ಟ್ (ಇಡೀ ಘಟಕದಡಿ ಹರಡುವ ಒಂದೇ ಕಾಂಕ್ರೀಟ್ ಹಾಸು) ಹಾಕಿಸಲೇಬೇಕು. ಸಂದಿಗೆ ಬರೀ ಸಿಮೆಂಟ್ ಗಾರೆ ಸಾಲದು, ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲಂಟ್ ಬೇಕು.

ಕಬ್ಬಿಣದ ಚೌಕಟ್ಟಿನ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಕ್ಯಾಬಿನ್ ಜಾತ್ರೆಗೆ ಸಾಕು. ದಿನವೂ ನೀರು ಸುರಿದು ತೊಳೆಯುವಲ್ಲಿ ಅದರ ಬುಡದ ಕಬ್ಬಿಣದ ಚಾನೆಲ್ ತುಕ್ಕು ಹಿಡಿಯುತ್ತದೆ. ಕಾರವಾರದ ಉಪ್ಪುಗಾಳಿಗಂತೂ ಬೇಡವೇ ಬೇಡ.

ದುರಸ್ತಿಯಲ್ಲಿ ಇಟ್ಟಿಗೆಯೇ ಸುಲಭ, ಊರಿನ ಗಾರೆಯವರೇ ಸಾಕು. ಹಾಗಾಗಿ ಪ್ರೀಕಾಸ್ಟ್‌ನಲ್ಲಿ ನೀರಿನ ಪೈಪುಗಳನ್ನು ಗೋಡೆಯೊಳಗೆ ಹುದುಗಿಸದೆ, ಹಿಂಬದಿಯಲ್ಲಿ ಆಳು ನುಗ್ಗುವಷ್ಟು ಸಂದು ಬಿಟ್ಟು ಅಲ್ಲೇ ಹಾಯಿಸಿ.