ನಗರದ ಚರಂಡಿಯೋ, ಹಳ್ಳಿಯ ಗುಂಡಿಯೋ: ಮಾದರಿ ಎಲ್ಲಿ ತೆಗೆಯೋದು?

ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಹುಡುಕಲು ಒಂದೇ ಜಾಗ ಆರಿಸಬೇಕಾದರೆ, ನನ್ನ ಮತ ನಗರದ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ. ಸಾವಿರಾರು ಮನೆಗಳ, ಆಸ್ಪತ್ರೆಗಳ ನೀರು ಅಲ್ಲಿಗೇ ಬರುತ್ತದೆ. ಒಳಬರುವ ನೀರನ್ನು 24 ಗಂಟೆ ಸ್ವಲ್ಪ ಸ್ವಲ್ಪವೇ ಕೂಡಿಸಿ. ಲೀಟರ್‌ಗೆ 4 ಮಿಲಿಗ್ರಾಂ ಸೆಫೊಟಾಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ಮ್ಯಾಕಾಂಕಿ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಆಹಾರ) ಮೇಲೆ ಹಚ್ಚಿ. ಔಷಧವಿದ್ದರೂ ಗುಲಾಬಿ ಚುಕ್ಕೆ ಎದ್ದರೆ, ಅದು ಔಷಧಕ್ಕೆ ಜಗ್ಗದ ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಇರಬಹುದು. ಖಚಿತಪಡಿಸಲು ಮತ್ತೊಂದು ಪರೀಕ್ಷೆ ಬೇಕೇ ಬೇಕು.

ಹಳ್ಳಿಯಲ್ಲಿ ಸಾಮಾನ್ಯವಾಗಿ ಮನೆಗೊಂದು ಶೌಚ ಗುಂಡಿ. ಒಂದು ಬಾಟಲಿ ಆ ಮನೆಯ ಕಥೆ ಮಾತ್ರ ಹೇಳುತ್ತದೆ. ಮಳೆ ಬಂದರಂತೂ ಲೆಕ್ಕವೇ ತಪ್ಪುತ್ತದೆ. ಆದರೆ ದನ, ಕೋಳಿಗೆ ಕೊಟ್ಟ ಔಷಧದ ಪರಿಣಾಮ ತಿಳಿಯಬೇಕಿದ್ದರೆ ನಗರದ ಕೊಳವೆ ಸುಮ್ನೆ ದಂಡ, ಅಲ್ವಾ? ಆಗ ಹಳ್ಳದ ನೀರನ್ನೇ ತೆಗೆಯಿರಿ. ಹರಿವ ನೀರು ಕೊಟ್ಟಿಗೆ ತಲುಪುವ ಮೊದಲು ಒಂದು ಬಾಟಲಿ, ದಾಟಿದ ಮೇಲೆ ಒಂದು.