ಅಯೋವಾ, ಕೆನ್ಯನ್, ಅಡ್ರಾಯ್ಟ್: ಮಗಳ ಬೇಸಿಗೆ ರೈಟಿಂಗ್ ಪ್ರೋಗ್ರಾಂಗೆ ಅರ್ಜಿ ಹಾಕಿದ ಎರಡು ವರ್ಷ

ನಾವಿರೋದು ಓಹಾಯೋದಲ್ಲಿ, ಕೊಲಂಬಸ್ ಹತ್ರ. ಮಗಳು ಏಳನೇ ಕ್ಲಾಸಿಂದ ಕಥೆ ಬರೀತಾಳೆ. ಹೈಸ್ಕೂಲಿಗೆ ಬಂದ್ಮೇಲೆ ಬೇಸಿಗೇಲಿ ಎಲ್ಲಾದ್ರೂ ಸರಿಯಾಗಿ ಕಲೀಬೇಕು ಅಂತ ಆಸೆಪಟ್ಟಳು, ನಾನು ಗೊತ್ತಿರೋ ಕನ್ನಡದವರನ್ನೆಲ್ಲ ಕೇಳಿದೆ, ಮ್ಯಾಥ್ ಕ್ಯಾಂಪ್ ಕೋಡಿಂಗ್ ಕ್ಯಾಂಪ್ ಬಗ್ಗೆ ಗಂಟೆಗಟ್ಟಲೆ ಹೇಳ್ತಾರೆ, ಕಥೆ ಕವನ ಕಲಿಸೋ ಪ್ರೋಗ್ರಾಂಗೆ ಅರ್ಜಿ ಹಾಕಿದವರು ಒಬ್ಬರೂ ಸಿಗಲಿಲ್ಲ. ಎಲ್ಲಾ ನಾವೇ ಹುಡುಕ್ಕೊಂಡ್ವಿ. ಬೇರೆ ಅಪ್ಪ ಅಮ್ಮಂದಿರಿಗೆ ಅಷ್ಟು ಕಷ್ಟ ಬೇಡ ಅಂತ ಇದನ್ನ ಬರೀತಿದೀನಿ.

ಮೊದಲನೇ ವರ್ಷ ಅವಳಿಗೆ 15. ಕೆನ್ಯನ್ ಕಾಲೇಜು ನಮ್ಮನೆಯಿಂದ ಒಂದು ಗಂಟೆ ದಾರಿ, ಅಲ್ಲಿನ ಬೇಸಿಗೆ ಪ್ರೋಗ್ರಾಂಗೇ ಹಾಕೋಣ ಅಂತ ಖುಷಿಯಾಗಿ ನೋಡಿದ್ರೆ 16ರಿಂದ 18ರವರಿಗೆ ಮಾತ್ರ. ಹಾಗಾಗಿ ಆ ವರ್ಷ ಅಯೋವಾ ಯೂನಿವರ್ಸಿಟಿಯವರು ಹೈಸ್ಕೂಲ್ ಮಕ್ಕಳಿಗೆ ನಡೆಸೋ ಅಯೋವಾ ಯಂಗ್ ರೈಟರ್ಸ್ ಸ್ಟುಡಿಯೋದ ಆನ್‌ಲೈನ್ ಕೋರ್ಸ್ ಮಾಡಿದ್ಳು, ಆರು ವಾರದ್ದು. ಮುಂದಿನ ವರ್ಷ ಮೂರು ಕಡೆ ಒಟ್ಟಿಗೆ ಹಾಕಿದ್ವಿ: ಅಯೋವಾದಲ್ಲೇ ಎರಡು ವಾರ ಉಳ್ಕೊಂಡು ಕಲಿಯೋದು, ಕೆನ್ಯನ್ ಕಾಲೇಜಿನ ಸಾಹಿತ್ಯ ಪತ್ರಿಕೆ ಕೆನ್ಯನ್ ರಿವ್ಯೂನವರ ಎರಡು ವಾರದ ಯಂಗ್ ರೈಟರ್ಸ್, ಮತ್ತೆ ಅಡ್ರಾಯ್ಟ್ ಜರ್ನಲ್ ಅನ್ನೋ ಸಾಹಿತ್ಯ ಪತ್ರಿಕೆಯವರ ಸಮ್ಮರ್ ಮೆಂಟರ್‌ಶಿಪ್. ಮೂರರಲ್ಲಿ ಎರಡು ಕಡೆ ಸಿಕ್ತು, ಒಂದು ಕಡೆ ಇಲ್ಲ. ಯಾವುದು ಅಂತ ಬರೆಯಲ್ಲ, ಅದು ಅವಳು ಹೇಳ್ಕೋಬೇಕಾದ ವಿಷಯ.

ಮೂರೂ ಅರ್ಜಿ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದಿದ್ದು ಏನಂದ್ರೆ, ಅಯೋವಾ ಮತ್ತೆ ಅಡ್ರಾಯ್ಟ್ ಕೇಳೋದು ನೀನು ಈಗಾಗ್ಲೇ ಏನು ಬರ್ದಿದೀಯ ತೋರ್ಸು ಅಂತ, ಕೆನ್ಯನ್ ಕೇಳಿದ್ದು ನೀನು ಹೇಗೆ ಯೋಚನೆ ಮಾಡ್ತೀಯ ಅಂತ. ಫೀಸು, ಊರು, ಹೆಸರು ಎಲ್ಲಾ ಇದಾದ್ಮೇಲಿನ ಮಾತು. ಮಗುವಿನ ಕೈಯಲ್ಲಿ ಮುಗಿಸಿದ ಕಥೆ ಇದ್ಯಾ, ಅಥವಾ ಅರ್ಧಂಬರ್ಧ ಬರೆದ ಹತ್ತು ನೋಟ್‌ಬುಕ್ ಇದ್ಯಾ, ಅದನ್ನ ಮೊದಲು ನೋಡಿ.

ಅಯೋವಾದಿಂದ ಶುರು ಮಾಡ್ತೀನಿ, ಯಾಕಂದ್ರೆ ಬರೆಯೋರಿಗೆ ಆ ಊರೇ ಬೇರೆ. ಅಲ್ಲಿನ ಯೂನಿವರ್ಸಿಟಿಯಲ್ಲಿ ಕಥೆ ಕವಿತೆ ಬರೆಯೋದನ್ನ ಕಲಿಸೋ ರೈಟರ್ಸ್ ವರ್ಕ್‌ಶಾಪ್ 1936ರಿಂದ ಇದೆ, ಅಯೋವಾ ಸಿಟಿಗೆ 2008ರಲ್ಲಿ ಯುನೆಸ್ಕೋ ಸಾಹಿತ್ಯ ನಗರ ಅಂತ ಮನ್ನಣೆ ಸಿಕ್ತು. ಬೇರೆ ಬೇರೆ ದೇಶದ ಬರಹಗಾರರನ್ನ ಕರೆಸೋ ಅಲ್ಲಿನ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂಗೆ ನಮ್ಮ ವಿವೇಕ ಶಾನಭಾಗರು 2016ರಲ್ಲಿ ಹೋಗಿದ್ರು, ಇದನ್ನ ಹೇಳಿದಾಗ ಮಗಳ ಕಣ್ಣು ಅರಳಿದ್ದು ನೋಡ್ಬೇಕಿತ್ತು. ಸ್ಟುಡಿಯೋ ಅರ್ಜಿಗೆ ಬರಹದ ಸ್ಯಾಂಪಲ್, ಯಾಕೆ ಬರ್ತೀನಿ ಅಂತ ಒಂದು ಹೇಳಿಕೆ, ಟೀಚರ್ ಶಿಫಾರಸು ಪತ್ರ, ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ) ಬೇಕಿತ್ತು. ಜೊತೆಗೆ ಕಥೆಯಾ, ಕವಿತೆಯಾ, ನಾಟಕವಾ, ಯಾವ ಕೋರ್ಸ್ ಬೇಕು ಅಂತ ಅರ್ಜಿಯಲ್ಲೇ ಆರಿಸ್ಕೋಬೇಕು. ನಾನು ಕತೆಗಾರ್ತಿ ಅಂತ ಖಚಿತವಾಗಿ ಗೊತ್ತಿರೋ ಮಗುವಿಗೆ ಇದು ಹೇಳಿ ಮಾಡಿಸಿದ ಜಾಗ.

ಆ ಸ್ಯಾಂಪಲ್ ಬಗ್ಗೆ ಸ್ವಲ್ಪ ಹೇಳ್ಬೇಕು. ಅವಳು ಕಳಿಸಿದ್ದು ಸಾಗರದಲ್ಲಿರೋ ನಮ್ಮಮ್ಮ ಹಲಸಿನಕಾಯಿ ಹಪ್ಪಳ ಮಾಡೋ ಕಥೆ. ಇಂಗ್ಲಿಷಲ್ಲೇ ಬರ್ದಿದ್ದು, ಆದ್ರೆ ಮಧ್ಯ ಮಧ್ಯ ಒರಳು, ಚಾಪೆ, ಅಜ್ಜಿ ಅಂತ ಕನ್ನಡ ಪದಗಳು ಹಾಗೇ ಇದ್ವು. ಓದಿದವರೊಬ್ರು ಇದಕ್ಕೆಲ್ಲ ಅರ್ಥ ಬರೀಬೇಕು, ಇಲ್ಲಾಂದ್ರೆ ಓದೋರಿಗೆ ತಿಳಿಯಲ್ಲ ಅಂದ್ರು. ನಾನೂ ಹೆದರಿ ಹೌದು ಬರೆದ್ಬಿಡು ಅಂದೆ. ಅವಳು ಒಪ್ಪಲಿಲ್ಲ. ಒರಳು ಅಂದ್ರೇನು ಅಂತ ಅಜ್ಜಿಯ ಕೈ ನೋಡಿದ್ರೆ ಗೊತ್ತಾಗ್ಬೇಕು, ಗೊತ್ತಾಗ್ಲಿಲ್ಲ ಅಂದ್ರೆ ನನ್ನ ವಾಕ್ಯ ಸರಿ ಇಲ್ಲ ಅಂತ ಅರ್ಥ, ವಾಕ್ಯ ತಿದ್ತೀನಿ ಅಂದ್ಳು. ಕಳಿಸೋ ಹಿಂದಿನ ರಾತ್ರಿ ನಮ್ಮಮ್ಮನಿಗೆ ಫೋನ್ ಮಾಡಿ ಹಪ್ಪಳ ಮಾಡೋ ಭಾಗವನ್ನ ಕನ್ನಡದಲ್ಲಿ ಹೇಳಿದ್ಳು, ಕಥೇಲಿ ಅಜ್ಜಿ ಬೇಯಿಸಿದ ಹಲಸಿನಕಾಯಿಯನ್ನ ಕೈಯಲ್ಲಿ ನಾದ್ತಾ ಇದ್ರು. ಅಮ್ಮ ಅಂದ್ರು, "ಅಯ್ಯೋ ಮಗಾ, ಅದು ಚಪಾತಿ ಹಿಟ್ಟಲ್ಲ ನಾದೋಕೆ, ಬಿಸಿ ಇರೋವಾಗ್ಲೇ ಕುಟ್ಬೇಕು, ತಣ್ಣಗಾದ್ರೆ ಕೆಲಸ ಕೆಟ್ಟಿತು." ಆ ಒಂದು ಮಾತಿಂದ ಇಡೀ ಪ್ಯಾರಾ ಬದಲಾಯ್ತು. ಬಿಸಿ ಆರೋದ್ರೊಳಗೆ ಕುಟ್ಟೋ ಅವಸರ ಬಂತು, ಒನಕೆ ಸದ್ದು ಬಂತು, ಮೊದಲಿನ ಒಂದೂವರೆ ಪುಟ ಅವಳೇ ಕಿತ್ತು ಹಾಕಿದ್ಳು. ಹಣ ಕೊಟ್ಟು ಸ್ಯಾಂಪಲ್ ತಿದ್ದಿಸೋ ಕನ್ಸಲ್ಟೆಂಟ್‌ಗಳು ಇಲ್ಲಿ ತುಂಬಾ ಜನ ಇದಾರೆ, ದಯವಿಟ್ಟು ಹೋಗ್ಬೇಡಿ, ಮಗುವಿನ ದನಿ ಹೋಗಿ ದೊಡ್ಡವರ ದನಿ ಬಂದ್ಬಿಡುತ್ತೆ.

ಆನ್‌ಲೈನ್ ಕೋರ್ಸ್ ಬಗ್ಗೆ ನನಗೆ ಬಹಳ ಒಳ್ಳೆ ಅಭಿಪ್ರಾಯ ಇದೆ. ಇಂತಿಷ್ಟೇ ಹೊತ್ತಿಗೆ ಲಾಗಿನ್ ಆಗ್ಬೇಕು ಅಂತಿಲ್ಲ, ವಾರದ ಪಾಠ ಓದಿ, ಬರೆದು ಹಾಕಿ, ಬೇರೆ ಮಕ್ಕಳದ್ದಕ್ಕೆ ಅಭಿಪ್ರಾಯ ಬರೀಬೇಕು. ಬೆಂಗಳೂರಲ್ಲೋ ಮೈಸೂರಲ್ಲೋ ಇರೋ ಮಕ್ಕಳಿಗೂ ಟೈಮ್ ವ್ಯತ್ಯಾಸದ ತೊಂದ್ರೆ ಬರಲ್ಲ, ಅಲ್ಲಿಂದ ಹಾಕೋರು ಮೊದಲು ಇದನ್ನೇ ನೋಡಿ. ಕೊರತೆ ಅಂದ್ರೆ ಮುಖ ನೋಡಿ ಮಾತಾಡೋದು ಇಲ್ಲ, ರಾತ್ರಿ ಊಟ ಆದ್ಮೇಲೆ ಕಥೆ ಬಗ್ಗೆ ಜಗಳ ಆಡೋಕೆ ಗೆಳೆಯರು ಸಿಗಲ್ಲ. ಬೇರೆ ಬೇರೆ ದೇಶದ ಹದಿಹರೆಯದವರನ್ನ ಅಯೋವಾಗೇ ಕರೆಸ್ತಿದ್ದ ಬಿಟ್ವೀನ್ ದ ಲೈನ್ಸ್ ಅನ್ನೋ ಇನ್ನೊಂದು ಪ್ರೋಗ್ರಾಂ ಇತ್ತು, 2025ರಲ್ಲಿ ಅಮೆರಿಕ ಸರ್ಕಾರ ಅನುದಾನ ನಿಲ್ಲಿಸಿದ್ರಿಂದ ಆ ಬೇಸಿಗೆ ಅದು ನಡೀಲಿಲ್ಲ. ಇದು ನನಗೆ ಈಗಲೂ ಹೊಟ್ಟೆ ಉರಿಯೋ ವಿಷಯ.

ಕೆನ್ಯನ್ ಅರ್ಜಿ ನೋಡೋಕೆ ಸುಲಭ. ನಾವು ಹಾಕಿದಾಗ ಒಂದು ಸಣ್ಣ ಗದ್ಯ ಬರಹ, ಟೀಚರ್ ಪತ್ರ, ಟ್ರಾನ್ಸ್‌ಕ್ರಿಪ್ಟ್, ಅಷ್ಟೇ. ಆದ್ರೆ ಅವಳಿಗೆ ಅತಿ ಹೆಚ್ಚು ದಿನ ಹಿಡಿದಿದ್ದು ಆ ಸಣ್ಣ ಬರಹಕ್ಕೇ, ಹತ್ತು ಪುಟದ ಕಥೇಲಿ ಒಂದು ಸಪ್ಪೆ ವಾಕ್ಯ ಅಡಗಿರುತ್ತೆ, ಒಂದು ಪುಟದಲ್ಲಿ ಅಡಗಲ್ಲ. ಅಲ್ಲಿ ಪ್ರಕಾರ ಆರಿಸೋದೂ ಇಲ್ಲ. ದಿನಕ್ಕೆ ಐದು ಗಂಟೆ ವರ್ಕ್‌ಶಾಪ್, ಕಥೆ, ಕವಿತೆ, ಪ್ರಬಂಧ ಎಲ್ಲಾ ಬರೆಸ್ತಾರೆ, ಹಳೇದನ್ನ ತಂದು ತಿದ್ದೋದಕ್ಕಿಂತ ಹೊಸದಾಗಿ ಬರೆಯೋದೇ ಮುಖ್ಯ.

ಅಡ್ರಾಯ್ಟ್ ಬೇರೆ ಥರ. ಆ ಪತ್ರಿಕೆಯನ್ನ 2010ರಲ್ಲಿ ಪೀಟರ್ ಲಾಬರ್ಜ್ ಅನ್ನೋರು ತಾವೇ ಹೈಸ್ಕೂಲಲ್ಲಿ ಓದ್ತಿದ್ದಾಗ ಶುರು ಮಾಡಿದ್ದು, ಮೆಂಟರ್‌ಶಿಪ್ 2013ರಿಂದ. ಎಲ್ಲಾ ಆನ್‌ಲೈನ್, ಒಬ್ಬ ಬರಹಗಾರರ ಜೊತೆ ಜೋಡಿ ಮಾಡ್ತಾರೆ. ಹಾಸ್ಟೆಲ್ ಇಲ್ಲ, ವಿಮಾನ ಇಲ್ಲ, ಹಾಗಾಗಿ ಉಳ್ಕೊಳ್ಳೋ ಪ್ರೋಗ್ರಾಂಗಿಂತ ಖರ್ಚು ಬಹಳ ಕಮ್ಮಿ. ಆದ್ರೆ ತಾನಾಗೇ ಕೂತು ಬರೆಯೋ ಶಿಸ್ತು ಬೇಕು, ಸ್ಯಾಂಪಲ್ ಗಟ್ಟಿ ಇರ್ಬೇಕು. ಪತ್ರಿಕೆಗಳಿಗೆ ಕವಿತೆ ಕಳಿಸಿ ವಾಪಸ್ ಬಂದು ಮತ್ತೆ ಕಳಿಸೋ ಅಭ್ಯಾಸ ಇರೋ ಮಗುವಿಗೆ ಮೂರರಲ್ಲಿ ಇದನ್ನೇ ಹೇಳ್ತೀನಿ.

ದುಡ್ಡಿನ ಮಾತು: ಎರಡು ವಾರ ಉಳ್ಕೊಳ್ಳೋದು ಅಂದ್ರೆ ಸಾವಿರಾರು ಡಾಲರ್, ಅದರ ಮೇಲೆ ಪ್ರಯಾಣ. ಅಯೋವಾ ನಮಗೆ ಕಾರಲ್ಲಿ ಒಂಬತ್ತು ಗಂಟೆ ಹತ್ರ. ಅಯೋವಾದಲ್ಲೂ ಕೆನ್ಯನ್‌ನಲ್ಲೂ ಹಣಸಹಾಯ ಇದೆ, ಅಡ್ಮಿಷನ್ ಅರ್ಜಿ ಜೊತೆಗೇ ಅದನ್ನೂ ಹಾಕಿ, ಸಂಕೋಚ ಪಡ್ಬೇಡಿ. ದೊಡ್ಡ ಯೂನಿವರ್ಸಿಟಿ ಕ್ಯಾಂಪಸ್ ಬಾಡಿಗೆಗೆ ತಗೊಂಡು ಅದರ ಹೆಸರು ತೋರ್ಸಿ ನಡೆಸೋ ಖಾಸಗಿ ಕ್ಯಾಂಪ್‌ಗಳೂ ಇವೆ, ಪಾಠ ಮಾಡೋರು ಯಾರು, ಬರಹ ಓದಿ ಆಯ್ಕೆ ಮಾಡ್ತಾರಾ ಅಥವಾ ದುಡ್ಡು ಕಟ್ಟಿದವರಿಗೆಲ್ಲ ಸೀಟಾ, ಇವೆರಡು ಕೇಳಿದ್ರೆ ಸಾಕು.

ನಾವು ಎಡವಿದ್ದು ಟೀಚರ್ ಪತ್ರ ಮತ್ತು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ. ಜನವರಿ ಕೊನೇಲಿ ಕೇಳಿದ್ವಿ, ಶಾಲೆಯ ಆಫೀಸಲ್ಲಿ ಒಂದು ಕಾಗದ ಎಲ್ಲೋ ಸಿಕ್ಕಾಕ್ಕೊಂಡು ಡೆಡ್‌ಲೈನ್‌ಗೆ ಎರಡು ದಿನ ಇದ್ದಾಗ ಕೈಗೆ ಬಂತು, ಆ ವಾರ ನಾನು ನಿದ್ದೆ ಮಾಡ್ಲಿಲ್ಲ. ಕ್ರಿಸ್‌ಮಸ್ ರಜಾಕ್ಕೆ ಮುಂಚೆ ಕೇಳಿಬಿಡಿ, ಪತ್ರ ಬರೆಯೋ ಟೀಚರ್‌ಗೆ ಮಗು ಬರೆದ ಒಂದು ಕಥೆನೂ ಕೊಡಿ.

ಕೊನೆಗೆ ಅವಳು ಆರಿಸಿದ್ದು ಕೆನ್ಯನ್. ಹಪ್ಪಳದ ಕಥೆ ಮುಗೀತಮ್ಮ, ಅದನ್ನ ಇನ್ನೂ ಎರಡು ವಾರ ತಿದ್ದೋಕೆ ನನಗಿಷ್ಟ ಇಲ್ಲ, ಹೊಸದು ಶುರು ಮಾಡ್ಬೇಕು ಅಂದ್ಳು. ಕರ್ಕೊಂಡು ಬರೋಕೆ ಹೋದ ದಿನ ಕೆನ್ಯನ್ ಇರೋ ಊರು ಗ್ಯಾಂಬಿಯರ್‌ನಲ್ಲಿ ಸಣ್ಣ ಮಳೆ ಬಿದ್ದು ನಿಂತಿತ್ತು, ಕ್ಯಾಂಪಸ್ ಮಧ್ಯ ಉದ್ದಕ್ಕೂ ಹೋಗೋ ಜಲ್ಲಿ ಹಾದಿ ಇದೆ, ಮಿಡ್ಲ್ ಪಾತ್ ಅಂತಾರೆ, ಅದರ ಮೇಲೆ ಸೂಟ್‌ಕೇಸ್ ಎಳ್ಕೊಂಡು ಬಂದ್ಳು. ಕಾರ್ ಹತ್ತಿ ಮನೆ ತಲುಪೋ ತನಕ ಮಾತೇ ಇಲ್ಲ, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಕೊಂಡು ಬರೀತಾನೇ ಇದ್ಳು. ನಾನು ರೇಡಿಯೋ ಹಾಕ್ಲಿಲ್ಲ.