ಗುಡ್ಡಕ್ಕೆ ಜೆಸಿಬಿ ಇಳಿಸುವ ಮುನ್ನ: ಮಂಗಳೂರಿನಲ್ಲಿ ಜಾಗ ಸಮತಟ್ಟು ಮಾಡಿಸಲು ಹೊರಟವರಿಗೆ

ಮಂಗಳೂರಿನ ಅಂಚಿನಲ್ಲಿ ಇಳಿಜಾರಿನ ಜಾಗವೊಂದನ್ನು ಇಟ್ಟುಕೊಂಡು, ಈ ಬೇಸಗೆಯಲ್ಲಿ ಅದನ್ನು ಸಮತಟ್ಟು ಮಾಡಿಸಿ ಮನೆಗೆ ಪಂಚಾಂಗ (ಅಡಿಪಾಯ) ಹಾಕಿಸಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅನುಮತಿ ಮಾಡಿಸಿಕೊಡುತ್ತೇನೆಂದ ಮಧ್ಯವರ್ತಿಯೊಬ್ಬರ ಮಾತು ನಂಬಿ ನಾನು ಯಂತ್ರ ಇಳಿಸಿದೆ. ಮೂರು ತಿಂಗಳೊಳಗೆ ಮೂರು ಇಲಾಖೆಗಳಿಂದ ನೋಟಿಸ್ ಬಂತು, ನಲವತ್ತು ವರ್ಷ ಅಕ್ಕಪಕ್ಕದಲ್ಲಿ ಬದುಕಿದ ನೆರೆಮನೆಯವರ ಕುಡಿಯುವ ನೀರು ಹಾಳಾಯಿತು. ಆ ಮಧ್ಯವರ್ತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅವರು ಆಡಿದ ಮಾತುಗಳನ್ನು ಆಡುವವರು ನಮ್ಮೂರಿನಲ್ಲಿ ಅವರೊಬ್ಬರೇ ಅಲ್ಲ. ಆ ಮಾತುಗಳನ್ನು ಗುರುತಿಸುವುದು ಮುಖ್ಯ.

ಜಾಗ ಮರಕಡ ಕಡೆಯ ಒಂದು ಗುಡ್ಡದ ಬದಿಯಲ್ಲಿದೆ. ತಂದೆಯವರ ಪಾಲಿನಿಂದ ನನಗೆ ಬಂದ 24 ಸೆಂಟ್ಸ್. ಅದರ ಕನ್ವರ್ಶನ್ ಎಂಟು ವರ್ಷಗಳ ಹಿಂದೆಯೇ ಆಗಿತ್ತು. ನನ್ನ ಮೊದಲ ತಪ್ಪು ತಿಳಿವಳಿಕೆ ಇದ್ದುದು ಅಲ್ಲಿಯೇ. ಕನ್ವರ್ಶನ್ ಆದ ಜಾಗವೆಂದರೆ ಇನ್ನು ಯಾರನ್ನೂ ಕೇಳಬೇಕಾಗಿಲ್ಲ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದುಕೊಂಡಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964 ರ 95 ನೇ ಕಲಮಿನಡಿ ಸಿಗುವ ಭೂಪರಿವರ್ತನೆ ಆದೇಶವು ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬಹುದೆಂದು ಹೇಳುತ್ತದೆಯೇ ಹೊರತು, ಗುಡ್ಡ ಕಡಿಯಬಹುದೆಂದಾಗಲಿ, ಮರ ಉರುಳಿಸಬಹುದೆಂದಾಗಲಿ, ಮಣ್ಣನ್ನು ಲಾರಿಗೆ ತುಂಬಿ ಕಳುಹಿಸಬಹುದೆಂದಾಗಲಿ ಹೇಳುವುದಿಲ್ಲ.

ಜನವರಿಯಲ್ಲಿ ನನ್ನ ಬಾವ ಆ ಮಧ್ಯವರ್ತಿಯನ್ನು ಪರಿಚಯಿಸಿದರು. ಅವರು ಆರ್‌ಟಿಸಿ, ಕನ್ವರ್ಶನ್ ಆದೇಶ ಮತ್ತು ನಕ್ಷೆಯ ಜೆರಾಕ್ಸ್ ಪ್ರತಿಗಳನ್ನೂ 35,000 ರೂಪಾಯಿಯನ್ನೂ ತೆಗೆದುಕೊಂಡು, "ನೀವು ಆಫೀಸಿಗೆ ಬರುವುದು ಬೇಡ ಸರ್, ಲೆವೆಲಿಂಗ್, ಮರ, ಮಣ್ಣು ಎಲ್ಲ ಒಂದೇ ಫೈಲಿನಲ್ಲಿ ಆಗ್ತದೆ" ಎಂದರು. ಈ ಮಾತನ್ನು ಯಾರ ಬಾಯಿಂದ ಕೇಳಿದರೂ ನೀವು ಅಲ್ಲಿಂದ ಎದ್ದು ಬರಬೇಕು. ಅಂಥ ಒಂದೇ ಫೈಲು ಇಲ್ಲ. ಮರ, ಮಣ್ಣು, ನೆಲದ ರೂಪ ಬದಲಿಸುವುದು, ಈ ಮೂರನ್ನೂ ಬೇರೆ ಬೇರೆ ಕಾನೂನುಗಳಡಿ ಬೇರೆ ಬೇರೆ ಕಚೇರಿಗಳು ನೋಡಿಕೊಳ್ಳುತ್ತವೆ. ಆದರೆ ಅಂದು ನನಗೆ ಅದೊಂದು ಅನುಕೂಲವಾಗಿ ಕಂಡಿತ್ತು.

ಮಾರ್ಚ್ ಕೊನೆಯಲ್ಲಿ ಅವರು ಒಂದು ಕಾಗದ ತಂದುಕೊಟ್ಟರು. ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಇಟ್ಟ ಅರ್ಜಿಯ ಪ್ರತಿ, ಅದರ ಮೂಲೆಯಲ್ಲಿ ನೇರಳೆ ಬಣ್ಣದ ದುಂಡು ಮೊಹರು, ಮೊಹರಿನ ನಡುವೆ ತಾರೀಕು, ಪಕ್ಕದಲ್ಲೊಂದು ಚಿಕ್ಕ ಸಹಿ. "ಸೀಲ್ ಬಿದ್ದಿದೆ ಸರ್, ಇನ್ನು ಆರ್ಡರ್ ಬರ್ಲಿಕ್ಕೆ ಎರಡು ವಾರ ಉಂಟು, ನೀವು ಕೆಲಸ ಸುರು ಮಾಡಿ, ಮಳೆ ಹಿಡಿದರೆ ಮತ್ತೆ ಆಗುವುದಿಲ್ಲ" ಎಂದರು. ನಾನು ಮೊಹರನ್ನು ನೋಡಿದೆ, ವಿಷಯ ಎಂದು ಬರೆದ ಸಾಲನ್ನು ಓದಲಿಲ್ಲ. ಆ ಸಾಲಿನಲ್ಲಿದ್ದುದು "ವಲಯ ಪ್ರಮಾಣ ಪತ್ರ ನೀಡುವ ಬಗ್ಗೆ" ಎಂದು. ಮೊಹರು ನಿಜವಾದದ್ದೇ, ಸಹಿಯೂ ನಿಜವಾದದ್ದೇ. ಆದರೆ ಅದು ಟಪಾಲು ವಿಭಾಗದಲ್ಲಿ ಯಾರು ಯಾವ ಕಾಗದ ಕೊಟ್ಟರೂ ಹಾಕಿಕೊಡುವ ಸ್ವೀಕೃತಿಯ ಮೊಹರು. ವಲಯ ಪ್ರಮಾಣ ಪತ್ರವು ನಿಮ್ಮ ಸರ್ವೆ ನಂಬ್ರ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನಿನಲ್ಲಿ) ವಸತಿ ವಲಯದಲ್ಲಿದೆಯೋ ಬೇರೆ ವಲಯದಲ್ಲಿದೆಯೋ ಎಂದಷ್ಟೇ ತಿಳಿಸುತ್ತದೆ. ಅದು ಸಿಕ್ಕಿದರೂ ಒಂದು ಬುಟ್ಟಿ ಮಣ್ಣು ಅಗೆಯಲು ಅದರಿಂದ ಅನುಮತಿ ದೊರೆತಂತಾಗುವುದಿಲ್ಲ.

ಏಪ್ರಿಲ್ ಎರಡನೆಯ ವಾರ ಕೆಲಸ ಶುರುವಾಯಿತು. ಜಾಗದಲ್ಲಿ ಕೆಲವು ತೆಂಗು, ಮೂರು ಸಾಗುವಾನಿ ಮತ್ತು ಒಂದು ದೊಡ್ಡ ಹೊನ್ನೆ ಮರ ಇದ್ದವು. ಸ್ವಂತ ಪಟ್ಟಾ ಜಾಗದ ಮರಕ್ಕೆ ಯಾರ ಅಪ್ಪಣೆ ಎಂದು ಗುತ್ತಿಗೆದಾರರು ಕೇಳಿದರು. ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮ, 1976 ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ. ತೆಂಗು, ರಬ್ಬರ್, ಗಾಳಿಮರದಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಹೊನ್ನೆಗಾಗಲಿ ಸಾಗುವಾನಿಗಾಗಲಿ ಇಲ್ಲ. ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು, ಅವರು ಸ್ಥಳ ನೋಡಿ, ಲಿಖಿತ ಅನುಮತಿ ಕೊಟ್ಟ ಮೇಲೆಯೇ ಕೊಡಲಿ ತಾಗಿಸಬೇಕು. ನನಗೆ ಇದು ತಿಳಿದದ್ದು ಹೊನ್ನೆ ಉರುಳಿದ ನಂತರ. ಹೊನ್ನೆ ಮರವನ್ನು ಕಡಿದದ್ದನ್ನು ನೋಡಿದವರಿಗೆ ಗೊತ್ತಿರುತ್ತದೆ, ಅದರ ಬುಡದಿಂದ ರಕ್ತದಂತೆ ಕೆಂಪು ಅಂಟು ಒಸರುತ್ತದೆ. ಮರುದಿನ ಬೆಳಿಗ್ಗೆ ಅದು ಕಪ್ಪಾಗಿ ಹೆಪ್ಪುಗಟ್ಟಿತ್ತು, ಅದಕ್ಕೆ ಇರುವೆ ಮುತ್ತಿತ್ತು. ತಂದೆಯವರು ಸೊಪ್ಪಿನ ಹೊರೆ ಇಳಿಸಿ ಕುಳಿತುಕೊಳ್ಳುತ್ತಿದ್ದ ನೆರಳು ಆ ಮರದ್ದು. ಅರ್ಜಿ ಹಾಕಿದ್ದರೆ, ಮರ ಇದ್ದ ಮೂಲೆಯನ್ನು ಬಿಟ್ಟು ನಕ್ಷೆ ಮಾಡಿ ಎಂದು ಸ್ಥಳ ನೋಡಲು ಬಂದವರು ಹೇಳುತ್ತಿದ್ದರೇನೋ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಮಣ್ಣಿನ ವಿಷಯದಲ್ಲಿ ಗುತ್ತಿಗೆದಾರರ ಒಂದು ಮಾತನ್ನು ನೀವೂ ಕೇಳುವಿರಿ: "ಮಣ್ಣು ನಮಗೆ ಬಿಟ್ಟರೆ ಬಾಡಿಗೆಯಲ್ಲಿ ಕಡಿಮೆ ಮಾಡುವ." ಕೇಳಲು ನ್ಯಾಯವಾದ ವ್ಯವಹಾರದಂತಿರುತ್ತದೆ. ಆದರೆ ತುಂಬಿಸುವುದಕ್ಕೂ ಸಮತಟ್ಟು ಮಾಡುವುದಕ್ಕೂ ಬಳಸುವ ಸಾಮಾನ್ಯ ಮಣ್ಣನ್ನು ಕೇಂದ್ರ ಸರಕಾರ 2000 ದ ಫೆಬ್ರವರಿಯಲ್ಲಿಯೇ ಉಪಖನಿಜವೆಂದು ಅಧಿಸೂಚನೆ ಹೊರಡಿಸಿದೆ, ಕೆಂಪು ಕಲ್ಲಂತೂ ಉಪಖನಿಜವೇ. ಜಾಗದ ಮೇಲಿನ ಭಾಗದ ಮಣ್ಣನ್ನು ಅದೇ ಜಾಗದ ತಗ್ಗಿಗೆ ಎಳೆದು ಹಾಕುವುದು ಬೇರೆ, ಟಿಪ್ಪರಿಗೆ ತುಂಬಿ ರಸ್ತೆಗೆ ಇಳಿಸುವುದು ಬೇರೆ. ಹೊರಗೆ ಸಾಗಿಸಬೇಕಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ರಾಜಧನ ಕಟ್ಟಿ ಸಾಗಾಟದ ಪರ್ಮಿಟ್ ಪಡೆಯಬೇಕು. ನನ್ನ ಜಾಗದ ಮಣ್ಣನ್ನು ಹೊತ್ತ ಟಿಪ್ಪರೊಂದನ್ನು ನಾಲ್ಕನೆಯ ದಿನ ರಸ್ತೆಯಲ್ಲಿ ತಡೆದರು. ಚಾಲಕರು ಮಣ್ಣು ಯಾರ ಜಾಗದ್ದೆಂದು ಹೇಳಿದರು, ಗುತ್ತಿಗೆದಾರರು ಫೋನ್ ತೆಗೆಯಲಿಲ್ಲ, ನೋಟಿಸ್ ನನ್ನ ಹೆಸರಿಗೆ ಬಂತು. ಆ ಮಣ್ಣು ಹೋಗುತ್ತಿದ್ದುದು ಒಂದು ಬೈಲುಗದ್ದೆಯನ್ನು ತುಂಬಿಸಲಿಕ್ಕೆ ಎಂದು ಆಮೇಲೆ ಗೊತ್ತಾಯಿತು. ನನ್ನ ಗುಡ್ಡವೂ ಹೋಯಿತು, ಇನ್ನೊಂದು ಕಡೆ ನೀರು ಇಂಗುತ್ತಿದ್ದ ಗದ್ದೆಯೂ ಹೋಯಿತು.

ಇಷ್ಟೆಲ್ಲ ದಂಡ ಕಟ್ಟಿ ಸರಿಪಡಿಸಬಹುದಾದ ತಪ್ಪುಗಳು. ಸರಿಪಡಿಸಲಾಗದ್ದು ನಡೆದದ್ದು ಬರೆಯಲ್ಲಿ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಬದಿಯಲ್ಲಿ.

ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲಿನ (ಕೆಂಪು ಕಲ್ಲಿನ) ಪದರ ಇರುತ್ತದೆ, ಅದರ ಅಡಿಯಲ್ಲಿ ಶೇಡಿ ಮಣ್ಣು. ಮುರ ಒಣಗಿರುವಾಗ ಸಾಕಷ್ಟು ಎತ್ತರಕ್ಕೆ ನೇರವಾಗಿ ಕಡಿದರೂ ಗೋಡೆಯಂತೆ ನಿಲ್ಲುತ್ತದೆ, ಬೇಸಗೆಯಲ್ಲಿ ಅದನ್ನು ನೋಡಿದವರಿಗೆ ತಡೆಗೋಡೆಯ ಅಗತ್ಯವೇ ಕಾಣುವುದಿಲ್ಲ. ಶೇಡಿ ಮಣ್ಣು ಹಾಗಲ್ಲ. ಬಿಳಿ, ಹಳದಿ, ನಸುಗೆಂಪು ಬಣ್ಣದಲ್ಲಿ, ಮುಟ್ಟಿದರೆ ಬೆರಳಿಗೆ ಹಿಟ್ಟಿನಂತೆ ಅಂಟುವ ಈ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ತಾಗಿದೊಡನೆ ಬಲವೆಲ್ಲ ಕಳೆದುಕೊಂಡು ಅಂಬಲಿಯಂತಾಗುತ್ತದೆ. ಇಷ್ಟು ಕಾಲ ಅದನ್ನು ಮಳೆಯಿಂದ ಕಾಪಾಡಿದ್ದು ಮೇಲಿನ ಮುರದ ಹೊದಿಕೆ ಮತ್ತು ಮರಗಳ ಬೇರು. ನನ್ನ ಜಾಗದಲ್ಲಿ ಹದಿನಾಲ್ಕು ಅಡಿ ನೇರವಾಗಿ ಕಡಿದಿದ್ದರು. ಮೇಲಿನ ಎಂಟು ಅಡಿ ಮುರ, ಕೆಳಗಿನದೆಲ್ಲ ಶೇಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಮಳೆಗಾಲಕ್ಕೆ ತಿಂಗಳಿರುವಾಗ ಅದನ್ನು ಬಯಲಿಗೆ ತೆರೆದಿಟ್ಟೆವು. 2024 ರ ಜುಲೈ 16 ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದನ್ನು ಟಿವಿಯಲ್ಲಿ ದಿನಗಟ್ಟಲೆ ನೋಡಿದವರು ನಾವು. ಆದರೂ ನಮ್ಮ ಹಿತ್ತಿಲಿನ ಬರೆ ನಮಗೆ ಗುಡ್ಡವಾಗಿ ಕಾಣಲಿಲ್ಲ.

ಜೂನ್ ಎರಡನೆಯ ವಾರ ಎರಡು ರಾತ್ರಿ ಬಿಡದೆ ಮಳೆ ಸುರಿಯಿತು. ಮೂರನೆಯ ದಿನ ಬೆಳಗಿನ ಜಾವ ಬರೆ ಜರಿದು, ಶೇಡಿಯೆಲ್ಲ ಕೆಸರಾಗಿ ಹರಿದು, ಕೆಳಗಿನ ಮನೆಯವರ ಪಾಗಾರವನ್ನು (ಆವರಣ ಗೋಡೆಯನ್ನು) ಮುರಿದು ಬಾವಿಕಟ್ಟೆಯವರೆಗೆ ಹೋಯಿತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ನಾನು ಅಲ್ಲಿಗೆ ತಲುಪಿದಾಗ ಆ ಮನೆಯ ಹಿರಿಯರು, ನಾವು ಬಾಯಿ ಎಂದು ಕರೆಯುವ ಎಪ್ಪತ್ತು ದಾಟಿದ ಹೆಂಗಸು, ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ಕಟ್ಟೆಯ ಮೇಲೆ ಇಟ್ಟಿದ್ದರು. ನೀರು ನಸುಗೆಂಪು ಹಾಲಿನಂತಿತ್ತು. ಅರ್ಧ ಗಂಟೆ ನಿಂತರೂ ತಿಳಿಯಾಗಲಿಲ್ಲ. ತಳದಲ್ಲಿ ಒಂದು ಬೆರಳಿನಷ್ಟು ಕೆಸರು ಕೂತಿತು, ಮೇಲಿನ ನೀರು ಹಾಗೆಯೇ ಉಳಿಯಿತು. "ನಿಮ್ಮ ಅಪ್ಪ ಇದೇ ಬಾವಿಯ ನೀರು ಕುಡಿದವರು, ಗೊತ್ತುಂಟಲ್ಲ?" ಎಂದಷ್ಟೇ ಅವರು ಕೇಳಿದರು, ಬೈಯಲಿಲ್ಲ. ಎರಡು ಬಾರಿ ಪಂಪ್ ಇಟ್ಟು ಬಾವಿ ಬರಿದು ಮಾಡಿಸಿದರೂ ಆ ಮಳೆಗಾಲವಿಡೀ ಅವರು ನಲ್ಲಿ ನೀರನ್ನೇ ಕುಡಿಯಬೇಕಾಯಿತು.

ನಂತರ ಅಳತೆಗೆ ಬಂದಾಗ ಇನ್ನೊಂದು ಸಂಗತಿ ಹೊರಬಿತ್ತು. ಮೇಲ್ಬದಿಯಲ್ಲಿ ಯಂತ್ರ ನಮ್ಮ ಗಡಿಯನ್ನು ದಾಟಿ ಹನ್ನೊಂದು ಅಡಿ ಒಳಗೆ ಹೋಗಿತ್ತು. ಅದು ನಮ್ಮ ಕುಮ್ಕಿ, ನಮ್ಮದೇ ಎಂದು ನಾವು ನಂಬಿಕೊಂಡು ಬಂದಿದ್ದೆವು. ದಕ್ಷಿಣ ಕನ್ನಡ, ಉಡುಪಿಯವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು: ಕದೀಂ ವರ್ಗ ಜಮೀನಿನ (ಹಳೆಯ ಕಾಲದಿಂದ ಬಂದ ಪಟ್ಟಾ ಹಿಡುವಳಿಯ) ಗಡಿಯಿಂದ 100 ಗಜದೊಳಗಿನ ಕುಮ್ಕಿ ಜಾಗದಲ್ಲಿ ವರ್ಗದಾರನಿಗೆ, ಅಂದರೆ ಆ ಜಮೀನಿನವನಿಗೆ, ಕೃಷಿಗಾಗಿ ಸೊಪ್ಪು, ಮನೆಗಾಗಿ ಸೌದೆ ಮುಂತಾದವನ್ನು ತರುವ ಸವಲತ್ತು ಮಾತ್ರ ಇದೆ, ಭೂಮಿ ಸರಕಾರದ್ದು. ಅಲ್ಲಿ ಗುಡ್ಡ ಕಡಿದರೆ ಅದು ಸರಕಾರಿ ಜಾಗದ ಅತಿಕ್ರಮಣ. ಕೆಲಸ ಶುರು ಮಾಡುವ ಮೊದಲು ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ ನಾಲ್ಕು ಮೂಲೆಗೆ ಕಲ್ಲು ಹಾಕಿಸಿದ್ದರೆ ಈ ಒಂದು ನೋಟಿಸ್ ಆದರೂ ತಪ್ಪುತ್ತಿತ್ತು.

ಮಧ್ಯವರ್ತಿಯನ್ನು ಕೇಳಿದಾಗ "ಫೈಲ್ ಮೂವ್ ಆಗ್ತಾ ಉಂಟು" ಎಂಬ ಉತ್ತರ ತಿಂಗಳುಗಟ್ಟಲೆ ಬಂತು. ಕೊನೆಗೆ ನಾನೇ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅಧಿನಿಯಮ, 2005 ರಡಿ ಅರ್ಜಿ ಹಾಕಿ, ನನ್ನ ಸರ್ವೆ ನಂಬ್ರಕ್ಕೆ ಸಂಬಂಧಿಸಿ ಬಂದ ಎಲ್ಲ ಅರ್ಜಿಗಳ ಪ್ರತಿ ಕೇಳಿದೆ. 30 ದಿನ ತುಂಬುವ ಮೊದಲೇ ಉತ್ತರ ಬಂತು. ಬಂದದ್ದು ಆ ವಲಯ ಪ್ರಮಾಣ ಪತ್ರದ ಅರ್ಜಿಯೊಂದೇ. ಮರಕ್ಕಾಗಲಿ, ಮಣ್ಣಿಗಾಗಲಿ, ನೆಲ ಸಮತಟ್ಟು ಮಾಡುವುದಕ್ಕಾಗಲಿ ನನ್ನ ಹೆಸರಿನಲ್ಲಿ ಯಾರೂ ಯಾವ ಅರ್ಜಿಯನ್ನೂ ಕೊಟ್ಟಿರಲಿಲ್ಲ. ಯಂತ್ರ ಇಳಿಸುವ ಮೊದಲೇ ಈ ಕೆಲಸ ಮಾಡಬಹುದಿತ್ತು, ಅಥವಾ ಅದಕ್ಕಿಂತ ಸುಲಭವಾಗಿ, ನಾನೇ ಒಂದು ದಿನ ರಜೆ ಹಾಕಿ ಕಚೇರಿಗೆ ಹೋಗಿ ಅರ್ಜಿಯ ಸಂಖ್ಯೆ ಹೇಳಿ ವಿಚಾರಿಸಬಹುದಿತ್ತು.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961 ರಲ್ಲಿ "ಅಭಿವೃದ್ಧಿ" ಎಂಬ ಪದದ ಅರ್ಥ ಮನೆ ಕಟ್ಟುವುದಕ್ಕೆ ಸೀಮಿತವಲ್ಲ. ನೆಲದ ಮೇಲೆ, ಒಳಗೆ ಅಥವಾ ಅಡಿಯಲ್ಲಿ ನಡೆಸುವ ಎಂಜಿನಿಯರಿಂಗ್, ಗಣಿಗಾರಿಕೆ ಇತ್ಯಾದಿ ಕೆಲಸಗಳೂ ಅದರಲ್ಲಿ ಸೇರುತ್ತವೆ, ಅವುಗಳಿಗೆ ಯೋಜನಾ ಪ್ರಾಧಿಕಾರದ ಅನುಮತಿ ಮೊದಲು ಬೇಕು. ಆದ್ದರಿಂದ ಬರೀ ಲೆವೆಲಿಂಗಿಗೆ ಯಾರೂ ಕೇಳುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. ನಿಮ್ಮ ಪರವಾಗಿ ಬೇರೆಯವರು ಅರ್ಜಿ ಕೊಡುವುದಾದರೂ ಅರ್ಜಿದಾರರ ಮೊಬೈಲ್ ಸಂಖ್ಯೆಯ ಜಾಗದಲ್ಲಿ ನಿಮ್ಮ ಸಂಖ್ಯೆಯನ್ನೇ ಬರೆಸಿ. ನನ್ನ ಅರ್ಜಿಯಲ್ಲಿ ಮಧ್ಯವರ್ತಿಯ ಸಂಖ್ಯೆ ಇತ್ತು. ಸಕಾಲ (ನಿಗದಿತ ದಿನಗಳೊಳಗೆ ಸೇವೆ ಕೊಡುವ ಸರಕಾರಿ ವ್ಯವಸ್ಥೆ) ಅಡಿ ಬರುವ ಸೇವೆಯಾದರೆ ಸ್ವೀಕೃತಿಯಲ್ಲಿ ಜಿಎಸ್‌ಸಿ ಸಂಖ್ಯೆ ಇರಲೇಬೇಕು, ಆ ಸಂಖ್ಯೆ ಹಾಕಿ ಅರ್ಜಿ ಎಲ್ಲಿದೆ ಎಂದು ನೀವೇ ನೋಡಬಹುದು. ಆದೇಶ ಕೈಗೆ ಬಂದ ಮೇಲೆ ಸರ್ವೆ ನಂಬ್ರ, ಹಿಸ್ಸೆ, ವಿಸ್ತೀರ್ಣ ಮತ್ತು ಷರತ್ತುಗಳನ್ನು ಆರ್‌ಟಿಸಿಯ ಪಕ್ಕದಲ್ಲಿಟ್ಟು ಓದಿ. ಮಣ್ಣು ತೆಗೆಯುವ ಒಪ್ಪಂದದಲ್ಲಿ ಮಣ್ಣು ಎಲ್ಲಿಗೆ ಹೋಗುತ್ತದೆ, ಪರ್ಮಿಟ್ ಯಾರ ಹೊಣೆ ಎಂಬುದನ್ನು ಬರೆಸಿ ಸಹಿ ಹಾಕಿಸಿ.

ಬರೆಯ ವಿಷಯವನ್ನು ಜೆಸಿಬಿಯವರ ತೀರ್ಮಾನಕ್ಕೆ ಬಿಡಲೇಬೇಡಿ. ನಂತರ ನಾನು ಸಂಪರ್ಕಿಸಿದ ಎಂಜಿನಿಯರ್ ಹೇಳಿದ ಪ್ರಕಾರ, ಹಂತ ಹಂತವಾಗಿ ಮೆಟ್ಟಿಲಿನಂತೆ ಕಡಿದು, ಮೇಲಿನ ನೀರು ಬರೆಯ ಮುಖಕ್ಕೆ ಬರದಂತೆ ತುದಿಯಲ್ಲಿ ಚರಂಡಿ ಮಾಡಿ, ಮಳೆಗೆ ಮುಂಚೆ ತಡೆಗೋಡೆ ಮುಗಿಸಬೇಕಿತ್ತು. ಗೋಡೆಯ ಹಿಂದೆ ನಿಲ್ಲುವ ನೀರು ಹೊರಬರಲು ನಡುನಡುವೆ ಪೈಪು ಇಡಬೇಕಿತ್ತು. ಅಷ್ಟು ಮಾಡಲು ಬೇಸಗೆಯಲ್ಲಿ ಸಮಯ ಸಾಲದಿದ್ದರೆ ಆ ವರ್ಷ ಗುಡ್ಡ ಮುಟ್ಟಬಾರದಿತ್ತು. ಈಗ ಮಾಡುತ್ತಿರುವ ತಡೆಗೋಡೆಗೆ ಮನೆಗೆಂದು ಕೂಡಿಟ್ಟ ಹಣದ ಹೆಚ್ಚಿನ ಪಾಲು ಹೋಗಿದೆ, ಮನೆಯ ಕೆಲಸ ನಿಂತಿದೆ.

ಮರಗಳ ದಂಡ ಕಟ್ಟಿ ಆಗಿದೆ, ಕುಮ್ಕಿಯ ವಿಚಾರಣೆ ನಡೆಯುತ್ತಿದೆ, ಮಧ್ಯವರ್ತಿಯ ಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಕೆಳಮನೆಯ ಪಾಗಾರವನ್ನು ನನ್ನ ಖರ್ಚಿನಲ್ಲಿ ಕಟ್ಟಿಸಿಕೊಟ್ಟೆ. ಬಾವಿಯ ಕೆಸರನ್ನು ಮಾರ್ಚಿನಲ್ಲಿ ನೀರು ತಳ ಸೇರಿದಾಗ ಆಳು ಇಳಿಸಿ ತೆಗೆಸಬೇಕೆಂದು ಮಾತಾಗಿದೆ. ಆ ನೀರನ್ನು ಪರೀಕ್ಷೆಗೆ ಕೊಟ್ಟು ವರದಿ ಬರುವವರೆಗೆ ಬಾಯಿಯವರು ನಲ್ಲಿ ನೀರನ್ನೇ ಕುದಿಸಿ ಕುಡಿಯುತ್ತಿರುತ್ತಾರೆ.